ವಾರ್ಡಿಗೆ ಮತ ಕೇಳಲು ಬಂದವರನ್ನು ಏನು ಕೇಳಬೇಕು?

ಪ್ರಶ್ನೆ: ನಗರಸಭೆಗೆ ನಿಂತವರೆಲ್ಲ ಒಂದೇ ಥರದ ಭರವಸೆ ಕೊಡುತ್ತಾರೆ. ಊರನ್ನು ಜವಾಬ್ದಾರಿಯಿಂದ ನಡೆಸಬಲ್ಲವರು ಯಾರೆಂದು ತಿಳಿಯುವುದು ಹೇಗೆ?

ವಾರ್ಡ್ ಮೀಸಲಾತಿ ಪಟ್ಟಿ ಹೊರಬಿದ್ದ ಕೂಡಲೇ ಈ ಪ್ರಶ್ನೆ ಬರುತ್ತದೆ. ನನ್ನ ಉತ್ತರ ಪ್ರತಿ ಸಲವೂ ಅದೇ. ನೀರು, ಕಸ, ಚರಂಡಿ, ಬೀದಿದೀಪ ಇವನ್ನು ದಿನಾ ನಡೆಸಲು ದುಡ್ಡು ಎಲ್ಲಿಂದ ಹೊಂದಿಸುತ್ತೀರಿ ಎಂದು ಕೇಳಿ. ಈ ನಾಲ್ಕನ್ನು ಬಿಟ್ಟು ಸ್ವಾಗತ ಕಮಾನು, ವೃತ್ತ, ಪ್ರತಿಮೆ ಎಂದು ಶುರುಮಾಡುವವರ ಮಾತು ಅಲ್ಲಿಗೇ ನಿಲ್ಲಲಿ. ‘ಅನುದಾನ ತರುತ್ತೇನೆ’ ಎಂದಷ್ಟೇ ಹೇಳುವವರು ಇನ್ನೂ ಯೋಚನೆ ಮಾಡಿಲ್ಲ.

ಇಷ್ಟು ಬರೆದರೆ ಮರುಪ್ರಶ್ನೆ ತಪ್ಪದು: ‘ಶಾಸಕರ ಪಕ್ಷದವರನ್ನೇ ಗೆಲ್ಲಿಸಿದರೆ ಹಣ ತಾನಾಗಿ ಬರುತ್ತದಲ್ಲ?’ ಎಷ್ಟು ಸಲ ಹೇಳಿದರೂ ಈ ನಂಬಿಕೆ ಮತ್ತೆ ಚಿಗುರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಕೇಂದ್ರದ ಹಣವನ್ನು ರಾಜ್ಯಗಳಿಗೆ, ಊರುಗಳಿಗೆ ಹಂಚುವ ಬಗೆಯನ್ನು ಶಿಫಾರಸು ಮಾಡುವುದು ಹಣಕಾಸು ಆಯೋಗ. ಅದರ ಹಣ ಯಾರ ಮುಖ ನೋಡಿಯೂ ಬರುವುದಿಲ್ಲ, ಸೂತ್ರದ ಪ್ರಕಾರ ಬರುತ್ತದೆ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಸಣ್ಣ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇ 30ನ್ನು ಕುಡಿಯುವ ನೀರಿಗೆ, ಇನ್ನು ಶೇ 30ನ್ನು ಕಸ ಮತ್ತು ನೈರ್ಮಲ್ಯಕ್ಕೆ ಎಂದು ಕಟ್ಟಿಹಾಕಿತ್ತು. ಉಳಿದ ಶೇ 40ರಲ್ಲಿ ಸಂಬಳ, ಕಚೇರಿ ಖರ್ಚಿಗೆ ಕೈಹಾಕುವಂತಿರಲಿಲ್ಲ. ಈ ಅನುದಾನ ಸಿಗಬೇಕಿದ್ದರೂ ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುವಂತಿರಬೇಕಿತ್ತು, ಆಸ್ತಿ ತೆರಿಗೆ ವಸೂಲಿ ಏರುತ್ತಿರಬೇಕಿತ್ತು. ಮನೆ ಲೆಕ್ಕ ಸರಿ ಇಟ್ಟುಕೊಂಡವರಿಗೇ ಹೊರಗಿನ ಹಣ ಎಂಬ ಷರತ್ತು ಇದು.

ವಿಶೇಷ ಅನುದಾನ, ಊರಿನ ಕಾಮಗಾರಿಗೆ ರಾಜ್ಯ ಸರ್ಕಾರ ಹಣ ಕೊಡುವ ನಗರೋತ್ಥಾನದಂಥ ಯೋಜನೆಗಳಲ್ಲಿ ಪ್ರಭಾವಕ್ಕೆ ಬೆಲೆ ಇಲ್ಲವೇ? ಇದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಹಣ ಕಟ್ಟಿಕೊಡುತ್ತದೆ, ನಡೆಸುವುದಿಲ್ಲ. ಓವರ್‌ಹೆಡ್ ಟ್ಯಾಂಕ್ ಎದ್ದು ನಿಂತು, ಉದ್ಘಾಟನೆಯ ಕಲ್ಲು ಕೂತ ಮರುದಿನದಿಂದ ಪಂಪಿನ ಕರೆಂಟ್ ಬಿಲ್, ಕ್ಲೋರಿನ್, ಸುಟ್ಟುಹೋದ ಮೋಟರಿನ ರಿವೈಂಡಿಂಗ್, ವಾಲ್ವ್ ತಿರುಗಿಸುವ ನೀರುಗಂಟಿಯ ಕೂಲಿ ಎಲ್ಲ ನಗರಸಭೆಯ ತಲೆಗೆ. ತಂದವರ ಹೆಸರು ಕಲ್ಲಿನ ಮೇಲಿರುತ್ತದೆ, ನಲ್ಲಿಯಲ್ಲಿ ನೀರು ಮಾತ್ರ ವಾರಕ್ಕೊಮ್ಮೆ.

ಹಾಗಾಗಿ ಅಭ್ಯರ್ಥಿಗೆ ಗೊತ್ತಿರಲೇಬೇಕಾದ ಕಾಗದ ಒಂದಿದೆ, ಕಂದಾಯ ಶಾಖೆಯ ಡಿಸಿಬಿ ಪಟ್ಟಿ. ಡಿಮ್ಯಾಂಡ್, ಕಲೆಕ್ಷನ್, ಬ್ಯಾಲೆನ್ಸ್ ಎಂಬುದರ ಚಿಕ್ಕ ರೂಪ ಅದು. ಅದರಲ್ಲಿ ಮೂರು ಕಾಲಂ: ಬೇಡಿಕೆ (ಬರಬೇಕಾದ ಹಣ), ವಸೂಲಿ, ಬಾಕಿ. ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ ಒಂದೊಂದಕ್ಕೂ ಇದನ್ನು ನೋಡಿದರೆ ಊರಿನ ಆರೋಗ್ಯ ಅಲ್ಲೇ ತಿಳಿಯುತ್ತದೆ. ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ತುಂಬುವ ಎಸ್‌ಎಎಸ್ ನಮೂನೆಯಲ್ಲಿ ಮೇಲಂತಸ್ತು ಮಾಯವಾಗಿರುತ್ತದೆ, ಅಂಗಡಿ ವಾಸದ ಮನೆಯಾಗಿರುತ್ತದೆ. ನಗರಸಭೆ ಮಳಿಗೆಯನ್ನು ಹಳೇ ಬಾಡಿಗೆಗೆ ಹಿಡಿದವರು ಹಲವು ಪಟ್ಟು ಹೆಚ್ಚಿಗೆ ಮತ್ತೊಬ್ಬರಿಗೆ ಕೊಟ್ಟಿರುತ್ತಾರೆ. ದರ ಏರಿಸದೆಯೂ ಇಲ್ಲಿಂದ ಎಷ್ಟೋ ಹಣ ತರಬಹುದು. ತರಲು ಧೈರ್ಯ ಬೇಕು, ಯಾಕೆಂದರೆ ಬಾಕಿದಾರರಲ್ಲಿ ಪ್ರಚಾರಕ್ಕೆ ಗಾಡಿ ಕೊಟ್ಟವರೂ ಇರುತ್ತಾರೆ.

‘ತೆರಿಗೆ ಕಟ್ಟದಿದ್ದರೆ ಬಡವರಿಗೆ ಉಳಿತಾಯ’ ಎನ್ನುವವರು ಒಂದು ಲೆಕ್ಕ ಗಮನಿಸಿ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಹಣದಲ್ಲಿ ಶೇ 24.10ನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಈ ಲೆಕ್ಕಕ್ಕೆ ಸಿಗುವ ಸ್ವಂತ ಹಣ 2 ಕೋಟಿ ಇದ್ದರೆ ಶೇ 24.10 ಅಂದರೆ 48.20 ಲಕ್ಷ ರೂಪಾಯಿ. ವಸೂಲಿ ಕುಸಿದು ಅದು 1 ಕೋಟಿಗೆ ಇಳಿದರೆ 24.10 ಲಕ್ಷ. ದೊಡ್ಡ ಕಟ್ಟಡದವರು ಉಳಿಸಿಕೊಂಡ ತೆರಿಗೆ ಹೋಗುವುದು ಕೇರಿಯ ಹುಡುಗಿಯ ವಿದ್ಯಾರ್ಥಿವೇತನದಿಂದ.

ಇನ್ನೊಂದು ಮಾತನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಅರ್ಧದಷ್ಟು ವಾರ್ಡ್‌ಗಳು ಮಹಿಳೆಯರಿಗೆ ಮೀಸಲು. ಅಲ್ಲಿ ಈ ಪ್ರಶ್ನೆ ಯಾರಿಗೆ? ಕರಪತ್ರದಲ್ಲಿ ಗಂಡನ ಫೋಟೊ ದೊಡ್ಡದು, ಅಭ್ಯರ್ಥಿಯದು ಮೂಲೆಯಲ್ಲಿ. ಮನೆ ಬಾಗಿಲಿಗೆ ಬಂದಾಗಲೂ ಮಾತಾಡುವುದು ಗಂಡನೇ. ಸಾಮಾನ್ಯ ಸಭೆಯಲ್ಲಿ ಆ ಗಂಡನಿಗೆ ಕುರ್ಚಿಯಿಲ್ಲ. ಬಜೆಟ್ಟಿಗೆ ಕೈ ಎತ್ತುವವರು ಆಕೆ, ಟೆಂಡರಿಗೆ ಒಪ್ಪಿಗೆ ಕೊಡುವವರು ಆಕೆ. ‘ಅಣ್ಣಾ, ಸ್ವಲ್ಪ ಇರಿ. ಅಕ್ಕಾ, ನೀವು ಹೇಳಿ’ ಎಂದು ಅವರನ್ನೇ ಕೇಳಿ. ತಡವರಿಸಿದರೆ ನಗಬೇಡಿ, ಎರಡು ಸಲ ಗೆದ್ದ ಗಂಡಸರೂ ಡಿಸಿಬಿ ಅಂದರೆ ತಡವರಿಸುತ್ತಾರೆ. ಪಟ್ಟಿ ತರಿಸಿಕೊಂಡು ಓದಿ, ಭಾನುವಾರ ಮತ್ತೆ ಬನ್ನಿ, ಬೀದಿಯವರೆಲ್ಲ ಸೇರಿರುತ್ತೇವೆ ಎಂದು ಹೇಳಿ ಕಳಿಸಿ.