ಛೇದ ಇಲ್ಲದ ಪದವನ್ನೂ ಗುಣಿಸಬೇಕು
ಭಿನ್ನರಾಶಿ ಇರುವ ಸಮೀಕರಣ ಕಂಡರೆ ಮಕ್ಕಳು ಹೆದರುವುದು ಛೇದಕ್ಕೆ. ತಪ್ಪುವುದು ಮಾತ್ರ ಛೇದವೇ ಇಲ್ಲದ ಜಾಗದಲ್ಲಿ. ಉತ್ತರಪತ್ರಿಕೆ ತಿದ್ದುವಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎಲ್ಲ ಛೇದಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಸರಿಯಾಗಿಯೇ ಕಂಡುಹಿಡಿದಿರುತ್ತಾರೆ. ಭಿನ್ನರಾಶಿಗಳನ್ನೂ ಸರಿಯಾಗಿ ಗುಣಿಸಿರುತ್ತಾರೆ. ಪಕ್ಕದಲ್ಲಿರುವ ಪೂರ್ಣಾಂಕವನ್ನು ಹಾಗೇ ಇಳಿಸಿಬಿಟ್ಟಿರುತ್ತಾರೆ.

ಗೊತ್ತಿಲ್ಲದ ಸಂಖ್ಯೆಯನ್ನು ಯ ಎಂದಿಟ್ಟುಕೊಳ್ಳೋಣ. ಲೆಕ್ಕ ಹೀಗಿದೆ:

ಯ/3 + 2 = ಯ/2

3 ಮತ್ತು 2ರ ಲ.ಸಾ.ಅ. 6. ಆರರಿಂದ ಗುಣಿಸಿದರೆ 2ಯ + 12 = 3ಯ. ಅಂದರೆ ಯ = 12. ಆದರೆ ಎಷ್ಟೋ ಮಕ್ಕಳು ಬರೆಯುವುದು 2ಯ + 2 = 3ಯ. ಉತ್ತರ ಯ = 2. ನೋಡಲು ಚೆನ್ನಾಗಿಯೇ ಇದೆ, ಅಲ್ವಾ? ಅದಕ್ಕೇ ಈ ತಪ್ಪು ಸಿಕ್ಕಿಬೀಳುವುದಿಲ್ಲ. ವಿಚಿತ್ರ ಭಿನ್ನರಾಶಿ ಬಂದಿದ್ದರೆ ಅನುಮಾನ ಬರುತ್ತಿತ್ತು. ಪೂರ್ಣಾಂಕ ಬಂದಾಗ ಎಲ್ಲ ಸರಿಯಾಗಿದೆ ಅಂತ ಕೆಳಗೆ ಗೆರೆ ಎಳೆದುಬಿಡುತ್ತಾರೆ.

ಇದು ಗಮನ ತಪ್ಪಿ ಆಗುವುದಲ್ಲ ಎಂದು ನನಗೆ ಅನಿಸುತ್ತದೆ. "ಹುಷಾರಾಗಿ ಮಾಡು" ಎಂದು ಬೈದರೆ ಏನೂ ಪ್ರಯೋಜನವಿಲ್ಲ. ಮಕ್ಕಳ ತಲೆಯಲ್ಲಿ ಲ.ಸಾ.ಅ. ಎಂದರೆ ಛೇದವನ್ನು ಅಳಿಸುವ ಉಪಾಯ. ಛೇದ ಇಲ್ಲದ ಕಡೆ ಅಳಿಸಲು ಏನಿದೆ? ಹಾಗಾಗಿ ಬಿಡುತ್ತಾರೆ. ಅವರ ಪ್ರಕಾರ ಅದು ಸರಿಯಾದ ತರ್ಕವೇ. ನಾವು ಹೇಳಿಕೊಡಬೇಕಾದದ್ದು ಬೇರೆ. ಗುಣಿಸುತ್ತಿರುವುದು ಭಿನ್ನರಾಶಿಯನ್ನಲ್ಲ, ಇಡೀ ಎಡಬದಿಯನ್ನು ಮತ್ತು ಇಡೀ ಬಲಬದಿಯನ್ನು. ಎಡಬದಿಯ ಆರರಷ್ಟು ಬೇಕು ಎಂದ ಮೇಲೆ ಅದರೊಳಗಿನ ಪ್ರತಿ ಪದವೂ ಆರು ಪಟ್ಟು ಆಗಲೇಬೇಕು. ಒಂದು ಪದ ಹಾಗೇ ಉಳಿದರೂ ಅದು ಎಡಬದಿಯ ಆರರಷ್ಟು ಅಲ್ಲ. ಅಲ್ಲಿಗೆ ಸಮ ಚಿಹ್ನೆ ಸುಳ್ಳಾಗುತ್ತದೆ.

ಒಮ್ಮೆ ಒಬ್ಬ ಹುಡುಗಿ ನೇರವಾಗಿ ಕೇಳಿದಳು: "ಸಾರ್, 2ಕ್ಕೆ ಛೇದವೇ ಇಲ್ಲವಲ್ಲ, ಅದನ್ನು ಯಾಕೆ ಮುಟ್ಟಬೇಕು?" ಇಂಥ ಪ್ರಶ್ನೆ ಕೇಳುವ ಮಕ್ಕಳೆಂದರೆ ನನಗೆ ಬಹಳ ಇಷ್ಟ. ಉಳಿದವರೂ ಹಾಗೇ ಅಂದುಕೊಂಡಿರುತ್ತಾರೆ, ಬಾಯಿಬಿಡುವುದಿಲ್ಲ. ನಾನು ಯ ಇಲ್ಲದ ಒಂದು ಸಾಲು ಬರೆದೆ: 1/2 + 3 = 7/2. ಇದು ನಿಜ ತಾನೇ? ನಿಜ ಅಂದಳು. ಈಗ ಎರಡರಿಂದ ಗುಣಿಸು, ಆದರೆ 3ನ್ನು ಮುಟ್ಟಬೇಡ. ಅವಳು 1 + 3 = 7 ಎಂದು ಬರೆದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, 3ನ್ನು ಹೊಡೆದು 6 ಮಾಡಿದಳು. ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ.

ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ದುಂಬಿಗಳ ಲೆಕ್ಕವೊಂದಿದೆ. ಹಿಂಡಿನ ಐದನೇ ಒಂದು ಭಾಗ ಕದಂಬದ ಹೂವಿಗೆ ಹೋಯಿತು. ಮೂರನೇ ಒಂದು ಭಾಗ ಇನ್ನೊಂದು ಹೂವಿಗೆ. ಇವೆರಡರ ವ್ಯತ್ಯಾಸದ ಮೂರರಷ್ಟು ಕುಟಜದ ಹೂವಿಗೆ. ಉಳಿದ ಒಂದೇ ದುಂಬಿ ಗಾಳಿಯಲ್ಲಿ ಅತ್ತಿತ್ತ ಹಾರಾಡುತ್ತಿತ್ತು. ಹಿಂಡಿನಲ್ಲಿ ಇದ್ದದ್ದು ಎಷ್ಟು?

ಯ/5 + ಯ/3 + 3(ಯ/3 − ಯ/5) + 1 = ಯ

ಹದಿನೈದರಿಂದ ಗುಣಿಸಿ: 3ಯ + 5ಯ + 6ಯ + 15 = 15ಯ. ದುಂಬಿಗಳು 15. ಮೂರು, ಐದು, ಆರು, ಒಂದು, ಸರಿಹೋಯಿತು. ಆ ಹಾರಾಡುವ ಒಂದನ್ನು ಗುಣಿಸದೆ ಬಿಟ್ಟರೆ? 14ಯ + 1 = 15ಯ, ಹಿಂಡಿನಲ್ಲಿ ಒಂದೇ ದುಂಬಿ! ಒಂದು ದುಂಬಿಯ ಐದನೇ ಒಂದು ಭಾಗ ಹೂವಿಗೆ ಹೋಗುವುದು ಹೇಗೆ? ತರಗತಿಯಲ್ಲಿ ಈ ಲೆಕ್ಕ ನನಗೆ ತುಂಬ ನೆರವಾಗಿದೆ. ಇಲ್ಲಿ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ.

ಪಾಲಕರಿಗೆ ಒಂದು ಮಾತು. ಮನೆಯಲ್ಲಿ ಹೇಳಿಕೊಡುವಾಗ ಗುಣಿಸುವ ಸಾಲನ್ನು ಹಾರಿಸಲು ಬಿಡಬೇಡಿ. 6 × ಯ/3 + 6 × 2 = 6 × ಯ/2 ಎಂದು ಪೂರ್ತಿ ಬರೆಸಿ. 2ನ್ನು 2/1 ಎಂದು ಬರೆದುಕೊಂಡರೂ ಕೆಲವರಿಗೆ ಅನುಕೂಲ. ಕೊನೆಗೆ ಉತ್ತರವನ್ನು ಮೊದಲ ಸಾಲಿನಲ್ಲೇ ಹಾಕಿ ತಾಳೆ ನೋಡಿಸಿ. ಎರಡನೆಯ ಸಾಲಿನಲ್ಲಿ ಹಾಕಿದರೆ ತಪ್ಪು ಉತ್ತರವೂ ಸರಿ ಎಂದೇ ಕಾಣುತ್ತದೆ. ಲ.ಸಾ.ಅ.ವೇ ಬೇಕೆಂದಿಲ್ಲ. ಎಲ್ಲ ಛೇದಗಳಿಗೂ ಅಪವರ್ತ್ಯವಾದ ಯಾವ ಸಂಖ್ಯೆಯಾದರೂ ನಡೆಯುತ್ತದೆ, ಅಂಕಿಗಳು ದೊಡ್ಡವಾಗುತ್ತವೆ ಅಷ್ಟೇ.

ಭಿನ್ನರಾಶಿಯ ಹಿಂದೆ ಕಳೆಯುವ ಚಿಹ್ನೆ ಇದ್ದರೆ ಅಂಶಕ್ಕೆ ಆವರಣ ಹಾಕಿಸಿ. (ಯ + 1)/2 − (ಯ − 3)/3 = 3 ಎಂಬಲ್ಲಿ ಆರರಿಂದ ಗುಣಿಸಿದರೆ 3(ಯ + 1) − 2(ಯ − 3) = 18, ಯ = 9. ಆವರಣ ಬಿಟ್ಟವರು −3ರ ಚಿಹ್ನೆಯಲ್ಲಿ ಎಡವುತ್ತಾರೆ. ಇನ್ನು ಸಮ ಚಿಹ್ನೆಯೇ ಇಲ್ಲದೆ ಬರೀ ಯ/2 + ಯ/3 ಕೊಟ್ಟಿದ್ದರೆ ಗುಣಿಸಿ ಛೇದ ತೆಗೆಯುವಂತಿಲ್ಲ. ಅದರ ಉತ್ತರ 5ಯ/6, 5ಯ ಅಲ್ಲ.

ಇಲ್ಲಿ ಹೇಳಿದ್ದು ಛೇದದಲ್ಲಿ ಬರೀ ಸಂಖ್ಯೆ ಇರುವ ಲೆಕ್ಕಗಳಿಗೆ. ಛೇದದಲ್ಲೇ ಯ ಬಂದರೆ ಇನ್ನೊಂದು ಎಚ್ಚರ ಬೇಕು. ಯ/(ಯ − 2) = 2/(ಯ − 2) ಎಂಬುದನ್ನು ಗುಣಿಸಿದರೆ ಯ = 2 ಬರುತ್ತದೆ. ಆದರೆ ಆಗ ಛೇದ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ. ಆ ಸಮೀಕರಣಕ್ಕೆ ಉತ್ತರವೇ ಇಲ್ಲ.