ಉತ್ತರದ ಕಿಟಕಿ, ಗಾಜಿನ ಹೂದಾನಿ, ಸುಗಂಧರಾಜ

ಹೂದಾನಿಯ ಚಿತ್ರ ಬರೆಯಲು ಹೊರಟವರಿಗೆ ಸಿಗುವ ಮೊದಲ ಸಲಹೆ: ಉತ್ತರದ ಕಿಟಕಿ ಪಕ್ಕ ಕೂರಿ, ಅಲ್ಲಿ ನೇರ ಬಿಸಿಲಿಲ್ಲ, ನೆರಳು ಜಾಗ ಬದಲಿಸುವುದಿಲ್ಲ. ಯುರೋಪಿನ ಮಟ್ಟಿಗೆ ಅದು ಸರಿ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೆಳಗಿನ, ಸಂಜೆಯ ಓರೆಬಿಸಿಲಂತೂ ಕಿಟಕಿಯೊಳಕ್ಕೇ ನುಗ್ಗುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ. ಬೆಳಕು ಚದುರಿ ನೆರಳಿನ ಅಂಚು ಮೆತ್ತಗಾಗುತ್ತದೆ. ಡಿಸೆಂಬರಿನಲ್ಲಿ ಅದೇ ಕಿಟಕಿಗೆ ಏನೂ ಬೇಡ.

ದೇವರಾಜ ಮಾರುಕಟ್ಟೆಯಲ್ಲಿ ಸುಗಂಧರಾಜ ಕೊಳ್ಳುವಾಗ ಹಾರಕ್ಕೆ ಬಳಸುವ ಬಿಡಿಹೂ ಬೇಡ, ಕಡ್ಡಿ ಸಮೇತ ಕೇಳಿ. ಅದು ಬುಡದಿಂದ ತುದಿಗೆ ಅರಳುತ್ತಾ ಹೋಗುವ ಹೂವು. ಕೆಳಗಿನ ಎರಡು ಮೂರು ಮಾತ್ರ ಬಿರಿದಿರಲಿ. ಕಡ್ಡಿಯ ಬುಡವನ್ನು ನೀರಿನೊಳಗೇ ಹಿಡಿದು ಒಂದೆರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ. ಹೊರಗೆ ಕತ್ತರಿಸಿದರೆ ನೀರೇರುವ ನಾಳಗಳಿಗೆ ಗಾಳಿಗುಳ್ಳೆ ಹೊಕ್ಕು ಹೂ ಬೇಗ ಬಾಡುತ್ತದೆ. ಹೂವನ್ನೇ ಮೊದಲು ಬರೆದು ಮುಗಿಸಿ. ಹೂದಾನಿ ನಾಳೆಯೂ ಹಾಗೇ ಇರುತ್ತದೆ.

ಜಲವರ್ಣದಲ್ಲಿ ಬಿಳಿ ಎಸಳೆಂದರೆ ಬಣ್ಣ ತಾಗಿಸದೆ ಬಿಟ್ಟ ಕಾಗದ. ಬರೆಯಬೇಕಾದದ್ದು ನೆರಳನ್ನು. ಅದಕ್ಕೆ ಕಪ್ಪು ಬೆರೆಸಿದರೆ ಹೂವು ಮಾಸಿದ ಬಟ್ಟೆಯಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ಂಟ್ ಸಿಯೆನ್ನಾ ಸೇರಿಸಿ: ಕಿತ್ತಳೆಗೆ ಹತ್ತಿರದ ಆ ಕಂದು, ನೀಲಿಯನ್ನು ತಣಿಸಿ ಜೀವವಿರುವ ಬೂದು ಕೊಡುತ್ತದೆ. ಎಲೆಯ ಪಕ್ಕದ ನೆರಳಿಗೆ ಹಸಿರಿನ ಸೋಂಕು ಬೇಕು, ಎಲೆಯಿಂದ ಪುಟಿದ ಬೆಳಕು ಅಲ್ಲಿ ಬೀಳುತ್ತಿರುತ್ತದೆ.

ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲೇ. ಬಳಿದ ಬೂದನ್ನು ಓರೆಯಿಂದ ನೋಡಿ. ನೀರಿನ ಹೊಳಪು ಹೋಗಿ ತೇವ ಮಾತ್ರ ಉಳಿದಾಗ ಒದ್ದೆ ಕುಂಚ ತಾಗಿಸಿದಿರೋ, ಹೊಸ ನೀರು ಸುತ್ತ ಹರಡಿ, ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಅಂಚು ಕಟ್ಟುತ್ತದೆ. ಒಡನೆ ಉಜ್ಜಬೇಡಿ, ಕಾಗದ ಜುಂಗೇಳುತ್ತದೆ. ಪೂರ್ತಿ ಒಣಗಿದ ಮೇಲೆ ತೇವದ ಕುಂಚದಿಂದ ಅಂಚನ್ನು ಮೆಲ್ಲಗೆ ಸವರಿ, ಬಟ್ಟೆಯಿಂದ ಒತ್ತಿ ತೆಗೆಯಿರಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಇಷ್ಟನ್ನು ತಾಳಿಕೊಳ್ಳುತ್ತದೆ.

ನೀರು ತುಂಬಿದ ದುಂಡು ಗಾಜು ಒಂದು ಮಸೂರ. ನೀರಿನ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, 1.33. ಹಾಗಾಗಿ ಕಡ್ಡಿ ನೀರಿನ ಮಟ್ಟದಲ್ಲಿ ತುಂಡಾದಂತೆ, ಒಳಗೆ ದಪ್ಪಗಾದಂತೆ ಕಾಣುತ್ತದೆ. ಮೇಜಿನ ಮೇಲಿನ ನೆರಳನ್ನೂ ಗಮನಿಸಿ: ಅದು ಇಡಿಯಾಗಿ ಕಪ್ಪಲ್ಲ, ನಡುವೆ ಬೆಳಕಿನ ಪಟ್ಟೆಯೊಂದಿದೆ, ಗಾಜು ಒಟ್ಟುಗೂಡಿಸಿದ ಕಿಟಕಿಯ ಬೆಳಕು. ಪಂಚೆ ಕಟ್ಟಿದ ದಿನ ಅದು ಮಸುಕು. ಅಷ್ಟು ಜಾಗವನ್ನು ಮೊದಲೇ ಬಿಳಿ ಬಿಟ್ಟುಕೊಳ್ಳಿ.