ಗೊತ್ತಿರುವ ಪದವೇ ಕೈಕೊಡುವುದು

ಮೊನ್ನೆ ಜಿಆರ್‌ಇಗೆ, ಅಂದರೆ ವಿದೇಶದಲ್ಲಿ ಉನ್ನತ ಓದಿಗೆ ಬರೆಯುವ ಪ್ರವೇಶ ಪರೀಕ್ಷೆಗೆ, ತಯಾರಾಗುತ್ತಿರುವ ಹುಡುಗಿಯೊಬ್ಬಳು ಬಂದಳು. ಅವಳ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಇತ್ತು. ಪ್ರತಿ ಪುಟದ ನಡುವೆ ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಅರ್ಥ. ನಾಲ್ಕು ತಿಂಗಳು ಕೂತು ಮೂರು ಸಾವಿರ ಚಿಲ್ಲರೆ ಪದ ಬಾಯಿಪಾಠ ಮಾಡಿದ್ದಳು. “ಎಲ್ಲಿ ಬೇಕಾದ್ರೂ ಕೇಳಿ ಸರ್” ಅಂದಳು. ಕೇಳಿದೆ. ಪ್ಯೂಸಿಲ್ಯಾನಿಮಸ್? ಹೇಡಿ. ಪರ್ಸ್ಪಿಕೇಶಿಯಸ್? ಸೂಕ್ಷ್ಮಮತಿ. ಎಲ್ಲೂ ತಡವರಿಸಲಿಲ್ಲ. ಆಮೇಲೆ ಒಂದು ಸಣ್ಣ ವಾಕ್ಯ ಬರೆದುಕೊಟ್ಟೆ: ಸಮಿತಿಯವರು ಆ ಯೋಜನೆಗೆ ‘ಕ್ವಾಲಿಫೈಡ್ ಅಪ್ರೂವಲ್’ ಕೊಟ್ಟರು. ಹಾಗಂದರೇನು?

“ಅರ್ಹತೆ ಇರೋರು ಒಪ್ಪಿಗೆ ಕೊಟ್ರು ಅಂತ, ಸರ್.”

ಅಲ್ಲ. ಒಪ್ಪಿಗೆ ಕೊಟ್ಟರು, ಆದರೆ ಪೂರಾ ಮನಸ್ಸಿನಿಂದಲ್ಲ. ಅದಿಷ್ಟು ಬಿಟ್ಟು, ಇದಿಷ್ಟು ತಿದ್ದಿ ಎನ್ನುವ ಷರತ್ತಿನ ಒಪ್ಪಿಗೆ ಅದು. ಅವಳು ನೋಟ್‌ಬುಕ್ ತಿರುವಿಹಾಕಿದಳು. ಕ್ವಾಲಿಫೈ ಅದರಲ್ಲಿ ಇರಲೇ ಇಲ್ಲ. ಗೊತ್ತಿರುವ ಪದವನ್ನು ಯಾರಾದರೂ ಬರೆದುಕೊಳ್ಳುತ್ತಾರೆಯೇ?

ಜಿಆರ್‌ಇಗೆ ಓದುವ ಮಕ್ಕಳ ಮೇಲೆ ನನ್ನ ತಕರಾರು ಇದೊಂದೇ. ಸೋಮಾರಿಗಳು ಅಂತ ಬೈಯುವಂತೆಯೂ ಇಲ್ಲ, ದುಡಿಯುತ್ತಾರೆ ಪಾಪ. ಆದರೆ ಇಲ್ಲದ ಪರೀಕ್ಷೆಗೆ ದುಡಿಯುತ್ತಾರೆ. 2011ರ ಆಗಸ್ಟ್‌ಗೆ ಮುಂಚೆ ಇದರಲ್ಲಿ ಒಂಟಿ ಪದ ಕೊಟ್ಟು ವಿರುದ್ಧ ಪದ ಕೇಳುವ ಪ್ರಶ್ನೆಗಳಿದ್ದವು, ಪದಜೋಡಿಗಳನ್ನು ಹೋಲಿಸುವ ಪ್ರಶ್ನೆಗಳಿದ್ದವು. ಆಗ ಈ ಎಡ-ಬಲದ ಪಟ್ಟಿಯಿಂದ ಏನೋ ಒಂದಿಷ್ಟು ಉಪಯೋಗವಿತ್ತು. ಪರೀಕ್ಷೆ ನಡೆಸುವ ಇಟಿಎಸ್ ಅವೆರಡನ್ನೂ ಕಿತ್ತುಹಾಕಿತು. 2023ರ ಸೆಪ್ಟೆಂಬರ್‌ನಲ್ಲಿ ಇಡೀ ಪರೀಕ್ಷೆಯನ್ನೇ ಎರಡು ಗಂಟೆಯೊಳಗೆ ಕುಗ್ಗಿಸಿದರು; ಭಾಷೆಯನ್ನು ಪರೀಕ್ಷಿಸುವ ವರ್ಬಲ್ ಭಾಗಕ್ಕೆ ಈಗ 27 ಪ್ರಶ್ನೆ, 41 ನಿಮಿಷ. ಅದರಲ್ಲೂ ಹೆಚ್ಚುಕಡಿಮೆ ಅರ್ಧ ಓದಿ ಉತ್ತರಿಸುವ ಪ್ರಶ್ನೆಗಳು. ಉಳಿದವುಗಳಲ್ಲಿ ಪದ ಬರುವುದು ವಾಕ್ಯದ ಹೊಟ್ಟೆಯೊಳಗೇ. ಪಟ್ಟಿ ಮಾತ್ರ ಸೀನಿಯರ್‌ನಿಂದ ಅಣ್ಣನಿಗೆ, ಅಣ್ಣನಿಂದ ತಂಗಿಗೆ ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದು ಬರುತ್ತಲೇ ಇದೆ.

ಸೆಂಟೆನ್ಸ್ ಈಕ್ವಿವಲೆನ್ಸ್ ಎನ್ನುವ ಪ್ರಶ್ನೆ ತೆಗೆದುಕೊಳ್ಳಿ. ವಾಕ್ಯದಲ್ಲಿ ಒಂದು ಖಾಲಿ ಜಾಗ, ಕೆಳಗೆ ಆರು ಆಪ್ಷನ್. ಎರಡನ್ನು ಆರಿಸಬೇಕು, ಎರಡರಲ್ಲಿ ಯಾವುದನ್ನು ಹಾಕಿದರೂ ವಾಕ್ಯ ಒಂದೇ ಮಾತು ಹೇಳಬೇಕು. ಒಂದು ಸರಿ, ಒಂದು ತಪ್ಪು ಆದರೆ ಅರ್ಧ ಅಂಕವೂ ಇಲ್ಲ. ನಾನು ತರಗತಿಯಲ್ಲಿ ಕೊಡುವ ವಾಕ್ಯದ ಭಾವ ಹೀಗಿದೆ: ನಿರ್ದೇಶಕಿ ಸಂಸ್ಥೆಯ ದುಡ್ಡಿನ ವಿಷಯದಲ್ಲಿ ಹೀಗಿದ್ದರು, ಅದರಿಂದಲೇ ಸಂಸ್ಥೆ ಉಳಿಯಿತೆಂದು ಎಲ್ಲರೂ ಅವರನ್ನು ಮೆಚ್ಚಿಕೊಂಡರು. ಆಪ್ಷನ್‌ಗಳು: ಪಾರ್ಸಿಮೋನಿಯಸ್, ಫ್ರೂಗಲ್, ಲ್ಯಾವಿಶ್, ಮೈಸರ್ಲಿ, ಪ್ರಾಡಿಗಲ್, ಥ್ರಿಫ್ಟಿ. ನೋಟ್‌ಬುಕ್ಕಿನ ಬಲಗಡೆ ನೋಡಿದರೆ ಇವುಗಳಲ್ಲಿ ನಾಲ್ಕಕ್ಕೂ ‘ಜಿಪುಣ’ ಎಂದೇ ಬರೆದಿರುತ್ತದೆ. ತರಗತಿಯ ಅರ್ಧ ಮಂದಿ ಪಾರ್ಸಿಮೋನಿಯಸ್, ಮೈಸರ್ಲಿ ಆರಿಸುತ್ತಾರೆ. ಯಾಕೆ ಅಂದರೆ, ಎರಡೂ ಸಮಾನಾರ್ಥಕ ಅಲ್ವಾ ಸರ್? ಹೌದಪ್ಪಾ, ಸಮಾನಾರ್ಥಕವೇ. ಲ್ಯಾವಿಶ್, ಪ್ರಾಡಿಗಲ್ ಕೂಡ ಒಂದು ಜೋಡಿಯೇ, ದುಂದುಗಾರರ ಜೋಡಿ. ಜೋಡಿ ಸಿಕ್ಕಿದ ಮಾತ್ರಕ್ಕೆ ಉತ್ತರ ಸಿಕ್ಕಿತು ಅಂತಲ್ಲ.

ಕನ್ನಡದಲ್ಲಾದರೆ ಈ ತಪ್ಪನ್ನು ನಾವು ಸತ್ತರೂ ಮಾಡುವುದಿಲ್ಲ. ಕೈ ಬಿಗಿಹಿಡಿದು ಖರ್ಚು ಮಾಡಿ ಮನೆ ನಿಭಾಯಿಸಿದ ಹೆಂಗಸನ್ನು ಹೊಗಳುವಾಗ ‘ಎಂಜಲು ಕೈಯಲ್ಲಿ ಕಾಗೆ ಓಡಿಸದವಳು’ ಅಂತೀವಾ? ಅಂದರೆ ಅವಳ ಮಕ್ಕಳು ನಮ್ಮನ್ನು ಸುಮ್ಮನೆ ಬಿಡುತ್ತಾರಾ? ಎರಡೂ ದುಡ್ಡು ಬಿಚ್ಚದವರ ಬಗೆಗಿನ ಮಾತೇ. ಒಂದರಲ್ಲಿ ಮೆಚ್ಚುಗೆ ಇದೆ, ಇನ್ನೊಂದರಲ್ಲಿ ಹಂಗಿಸುವ ದನಿ. ಫ್ರೂಗಲ್, ಥ್ರಿಫ್ಟಿ ಮೊದಲ ಜಾತಿ. ಪಾರ್ಸಿಮೋನಿಯಸ್, ಮೈಸರ್ಲಿ ಸಾಮಾನ್ಯವಾಗಿ ಎರಡನೆಯದು. ಪರೀಕ್ಷೆ ಕೇಳುವುದು ಈ ದನಿಯನ್ನು. ಇಷ್ಟು ಹೇಳಿ ಮುಗಿಸಿದ ಮೇಲೂ ಹಿಂದಿನ ಬೆಂಚಿನಿಂದ ಒಬ್ಬನಾದರೂ ಕೇಳುತ್ತಾನೆ: “ಸರ್, ಇದರದ್ದೂ ಒಂದು ಲಿಸ್ಟ್ ಇದ್ರೆ ಕಳಿಸ್ತೀರಾ?”

ಇನ್ನು ಮುಖಪರಿಚಯದ ಪದಗಳು. ಟೆಂಪರ್ ಎಂದರೆ ಕೋಪ ಎಂದು ಎಲ್ಲರಿಗೂ ಗೊತ್ತು. ಕ್ರಿಯಾಪದವಾದಾಗ ಅದು ಕಾವು ತಗ್ಗಿಸಿ ಹದಕ್ಕೆ ತರುವುದು, ಹೆಚ್ಚುಕಡಿಮೆ ಕೋಪಕ್ಕೆ ತದ್ವಿರುದ್ಧ. ಪೆಡೆಸ್ಟ್ರಿಯನ್ ಅಂದರೆ ಪಾದಚಾರಿ ಸರಿ, ಬರವಣಿಗೆಗೆ ಹಾಗಂದರೆ ಸಪ್ಪೆ ಎಂದರ್ಥ. ಉತ್ಸಾಹ ಫ್ಲ್ಯಾಗ್ ಆಯಿತು ಎಂದರೆ ಬಾವುಟ ಹಾರಲಿಲ್ಲ, ಉತ್ಸಾಹ ಸೊರಗಿತು. ಲೋನ್ ಸ್ಯಾಂಕ್ಷನ್ ಆದಾಗ ಸಿಹಿ ಹಂಚುತ್ತೇವೆ; ಒಂದು ದೇಶದ ಮೇಲೆ ಸ್ಯಾಂಕ್ಷನ್ ಬಿತ್ತು ಎಂದರೆ ಅಲ್ಲಿ ಯಾರೂ ಹಂಚುವುದಿಲ್ಲ.

ಧಾತು, ಉಪಸರ್ಗ ಹಿಡಿದು ಅರ್ಥ ಊಹಿಸುವವರೂ ಇದ್ದಾರೆ. ಬೇಡ ಅನ್ನುವುದಿಲ್ಲ, ಎಷ್ಟೋ ಕಡೆ ಕೆಲಸಕ್ಕೆ ಬರುತ್ತದೆ. ಆದರೆ ಎನರ್ವೇಟ್ ಅನ್ನು ಎನರ್ಜಿಯ ತಮ್ಮ ಎಂದುಕೊಂಡು ಕೆಟ್ಟವರು ಕಡಿಮೆಯಿಲ್ಲ. ಅದು ಸತ್ವ ಹೀರುವ ಪದ. ನಾಯ್‌ಸಮ್‌ಗೂ ಗದ್ದಲಕ್ಕೂ ಸಂಬಂಧವಿಲ್ಲ, ಅದು ಗಬ್ಬು ನಾತ.

ನಾನು ಮಾಡಿಸುವುದು ಇಷ್ಟೇ: ಒಂದು ಪದಕ್ಕೆ ಅರ್ಧ ಪುಟ. ಒಳ್ಳೆಯ ಲೇಖನದಲ್ಲೋ ನಿಘಂಟಿನಲ್ಲೋ ಕಂಡ ವಾಕ್ಯ ಒಂದು, ಸ್ವಂತ ವಾಕ್ಯ ಇನ್ನೊಂದು. ಯಾರನ್ನು ಕುರಿತು ಈ ಪದ ಹೇಳಬಹುದು, ಹೇಳಿದರೆ ಅವರು ಹಿಗ್ಗುತ್ತಾರೋ ಸಿಡುಕುತ್ತಾರೋ ಅನ್ನುವುದೂ ಇರಬೇಕು. ದಿನಕ್ಕೆ ಎಂಟೋ ಹತ್ತೋ ಆದರೆ ಹೆಚ್ಚು. ಎರಡು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಅರ್ಥ ಮುಚ್ಚಿಟ್ಟು ನೋಡಬೇಕು. ಒಮ್ಮೆ ಉರು ಹೊಡೆದದ್ದು ಎಷ್ಟು ಬೇಗ ಸೋರಿಹೋಗುತ್ತದೆ ಎನ್ನುವುದನ್ನು ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ಎಲ್ಲರಿಗೂ ಇದೇ ಮದ್ದು ಎನ್ನಲಾರೆ. ಇಂಗ್ಲಿಷ್ ಓದಿನ ರೂಢಿಯೇ ಇಲ್ಲದವರಿಗೆ ಶುರುವಿನಲ್ಲಿ ಪಟ್ಟಿ ಊರುಗೋಲಾದೀತು. ಅಂಕ ಇಷ್ಟು ಏರುತ್ತದೆ ಎಂಬ ಭರವಸೆಯನ್ನಂತೂ ಕೊಡುವುದಿಲ್ಲ.

ಪರೀಕ್ಷೆಗೆ ಹತ್ತೇ ದಿನ ಇರುವವರು ಇದನ್ನೋದಿ ಪಟ್ಟಿ ಎಸೆಯಬೇಡಿ, ಈಗ ಪದ್ಧತಿ ಬದಲಿಸಿದರೆ ಇದ್ದದ್ದೂ ಹೋದೀತು. ಹೊಸ ಪದ ಮಾತ್ರ ನಿಲ್ಲಿಸಿ. ಮಾಕ್ ಟೆಸ್ಟ್‌ಗಳಲ್ಲಿ ತಪ್ಪಾದ ವಾಕ್ಯಗಳನ್ನು ಮುಂದಿಟ್ಟುಕೊಂಡು ಪ್ರತಿಯೊಂದರ ಪಕ್ಕ ಬರೆಯಿರಿ: ಪದ ಗೊತ್ತಿರಲಿಲ್ಲವೋ, ಗೊತ್ತಿದೆ ಅಂದುಕೊಂಡಿದ್ದೆನೋ. ಆ ಹುಡುಗಿಗೂ ಇದನ್ನೇ ಮಾಡಿಸಿದೆ. ಹತ್ತೊಂಬತ್ತು ತಪ್ಪಿನಲ್ಲಿ ಹದಿಮೂರು ಎರಡನೇ ಬಗೆಯವು. ಇನ್ನೊಮ್ಮೆ ಎಣಿಸಿದಳು. ಆಮೇಲೆ ನೋಟ್‌ಬುಕ್ಕಿನ ಕೊನೆಯ ಖಾಲಿ ಹಾಳೆ ತೆಗೆದು, ನಡುವೆ ಗೆರೆ ಎಳೆಯದೆ, ಮೇಲೆ ಕ್ವಾಲಿಫೈ ಎಂದು ಬರೆದಳು.